ಪೂರ್ಣ ಹಾಜರಾತಿಗೆ ಬಹುಮಾನ ಬೇಡ

ಮಾನ್ಯ ಸಂಪಾದಕರೇ,

ನಮ್ಮೂರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ಸಲ ಮಳೆಗಾಲದಲ್ಲಿ ಕಾಣಿಸಿಕೊಂಡ ಮಂಗನಬಾವು ದೀಪಾವಳಿಯವರೆಗೂ ತೊಲಗಲಿಲ್ಲ. ಆರು ಮತ್ತು ಏಳನೇ ತರಗತಿಯ ಮಕ್ಕಳು ಊದಿದ ಕೆನ್ನೆಗೆ ಕೆಮ್ಮಣ್ಣು ಬಳಿದುಕೊಂಡು, ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕುಳಿತಿದ್ದರು. ಬಾಯಿ ತೆರೆಯಲು ಆಗದಿದ್ದರೂ ಶಾಲೆಗೆ ಏಕೆ ಬಂದೆ ಎಂದು ಮಗಳ ಗೆಳತಿಯೊಬ್ಬಳನ್ನು ಕೇಳಿದೆ. ರಜೆ ಹಾಕಿದರೆ ಬಹುಮಾನ ಹೋಗುತ್ತದೆ ಎಂದಳು. ವರ್ಷವಿಡೀ ಒಂದು ದಿನವೂ ತಪ್ಪಿಸದೆ ಬಂದ ಮಕ್ಕಳಿಗೆ ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಸ್ಟೀಲ್ ಡಬ್ಬಿ ಮತ್ತು ಪ್ರಮಾಣಪತ್ರ ಕೊಡುವ ಪದ್ಧತಿ ನಮ್ಮ ಶಾಲೆಯಲ್ಲಿದೆ. ಆ ಬಹುಮಾನವನ್ನು ನಿಲ್ಲಿಸಬೇಕು ಎಂಬುದು ನನ್ನ ಬೇಡಿಕೆ.

ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವವಳು. ತಿಂಗಳಲ್ಲಿ ಒಂದು ದಿನ ತಪ್ಪಿದರೂ ನಮ್ಮಲ್ಲಿ ಹಾಜರಾತಿ ಬೋನಸ್ ಹೋಗುತ್ತದೆ, ಜೊತೆಗೆ ಆ ದಿನದ ಸಂಬಳವೂ ಹೋಗುತ್ತದೆ. ನನಗೇ ಜ್ವರ ಬಂದರೆ ಇಎಸ್‌ಐ (ಕಾರ್ಮಿಕರ ವಿಮೆ) ವೈದ್ಯರ ಚೀಟಿ ತೋರಿಸಿ ರಜೆಯ ಹಣ ಪಡೆಯಬಹುದು. ಮಗುವಿಗೆ ಜ್ವರ ಬಂದು ನಾನು ಮನೆಯಲ್ಲಿ ಉಳಿದರೆ ಇಎಸ್‌ಐ ಆ ರಜೆಯ ಹಣ ಕೊಡುವುದಿಲ್ಲ. ನಮ್ಮ ಲೈನಿನ ಹೆಂಗಸರು ಮಗುವಿನ ಹಣೆ ಮುಟ್ಟಿ ನೋಡಿ, ಪ್ಯಾರಾಸಿಟಮಾಲ್ ನುಂಗಿಸಿ, ಬ್ಯಾಗ್ ಹೆಗಲಿಗೇರಿಸಿ ಕಳಿಸುವುದು ಇದೇ ಕಾರಣಕ್ಕೆ. ಅವರಿಗೆ ಮಕ್ಕಳ ಮೇಲೆ ಅಕ್ಕರೆ ಇಲ್ಲವೆಂದು ಯಾರೂ ಹೇಳಬಾರದು. ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದೇ ಇಷ್ಟು ಕಷ್ಟವಿರುವಾಗ ಶಾಲೆಯೂ ಬಹುಮಾನದ ಆಸೆ ತೋರಿಸಿ ಕಾಯಿಲೆಯ ಮಗುವನ್ನು ಕರೆಸಿಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಮಂಗನಬಾವು ಬಂದು ಹೋಗುವ ಕಾಯಿಲೆ, ಅದಕ್ಕೇಕೆ ಇಷ್ಟು ಗಾಬರಿ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಚಿಕ್ಕ ಮಕ್ಕಳಲ್ಲಿ ಸಾಮಾನ್ಯವಾಗಿ ಹಾಗೆಯೇ ಹೋಗುತ್ತದೆ, ನಿಜ. ಆದರೆ ಏಳು, ಎಂಟನೇ ತರಗತಿಯ ಹುಡುಗರು ಹರೆಯಕ್ಕೆ ಕಾಲಿಡುತ್ತಿರುವವರು. ಆ ವಯಸ್ಸಿನ ಮೇಲೆ ಬಂದರೆ ವೃಷಣಗಳು ಊದಿಕೊಂಡು ನೋಯುವ ಸಂಭವವಿದೆ. ಅಪರೂಪಕ್ಕೆ ಕಿವಿಯೂ ಕೇಳಿಸದಾಗುತ್ತದೆ. ನನ್ನ ಮಗಳು ಅಂಗನವಾಡಿಯಲ್ಲಿದ್ದಾಗ, 2017ರ ಫೆಬ್ರುವರಿಯಲ್ಲಿ, ರಾಜ್ಯದ ಮಕ್ಕಳಿಗೆಲ್ಲ ದಡಾರ–ರುಬೆಲ್ಲಾ ಲಸಿಕೆ ಹಾಕಿದರು. ಆ ಲಸಿಕೆಯಲ್ಲಿ ಮಂಗನಬಾವಿಗೆ ತಡೆ ಇಲ್ಲ. ಅದನ್ನೂ ತಡೆಯುವ ಎಂಎಂಆರ್ ಲಸಿಕೆಯನ್ನು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟೇ ಹಾಕಿಸಬೇಕು. ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿಗೆ ಅದು ಸಿಕ್ಕಿರಬಹುದು?

ಹಾಗಾಗಿ ನಮಗೆ ಉಳಿದಿರುವ ದಾರಿ ಕಾಯಿಲೆಯ ಮಗುವನ್ನು ಕೆಲವು ದಿನ ಮನೆಯಲ್ಲಿ ಇರಿಸುವುದು. ಮಂಗನಬಾವಾದರೆ ಕೆನ್ನೆ ಊದಿದ ಮೇಲೆ ಐದು ದಿನ ಸಾಕು. ಊತ ಕಾಣುವ ಒಂದೆರಡು ದಿನ ಮೊದಲೇ ಸೋಂಕು ಹರಡತೊಡಗುತ್ತದೆ, ಅದನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಕೈಯಲ್ಲಿರುವ ಐದು ದಿನವನ್ನಾದರೂ ಬಿಟ್ಟುಕೊಡಬಾರದು. ಅಮ್ಮ (ಚಿಕನ್‌ಪಾಕ್ಸ್) ಆದ ಮಗುವನ್ನು ಮಾತ್ರ ನಮ್ಮೂರಲ್ಲಿ ಯಾರೂ ಹೊರಗೆ ಕಳಿಸುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲೇ ಇರಿಸಿಕೊಳ್ಳುತ್ತಾರೆ. ಹಿರಿಯರು ಭಕ್ತಿಯಿಂದ ಮಾಡಿಕೊಂಡು ಬಂದ ಈ ಕಟ್ಟುಪಾಡು ವೈದ್ಯರ ಮಾತಿಗೂ ಸರಿಹೊಂದುತ್ತದೆ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದ ತುಂಬ ಹರಡಿದಾಗಲೂ ಕಣ್ಣು ಕೆಂಪಾದ ಮಕ್ಕಳನ್ನು ಮನೆಗೆ ಕಳಿಸಿದರು, ಯಾರೂ ಆಕ್ಷೇಪಿಸಲಿಲ್ಲ. ಅಂದರೆ ಇದು ಆಗದ ಕೆಲಸವಲ್ಲ.

ಇನ್ನೊಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಕೆಲವು ಮಕ್ಕಳು ಬರುವುದು ಬಹುಮಾನಕ್ಕಲ್ಲ, ಊಟಕ್ಕೆ. ಬೆಳಗಿನ ಹಾಲು, ಮಧ್ಯಾಹ್ನದ ಅನ್ನ ಸಾಂಬಾರು, ಮೊಟ್ಟೆ ಅಥವಾ ಬಾಳೆಹಣ್ಣು, ಇಷ್ಟನ್ನು ಜ್ವರದ ಮಗುವಿನಿಂದ ಕಿತ್ತುಕೊಂಡು ಮನೆಯಲ್ಲಿ ಮಲಗು ಎನ್ನುವುದು ಅನ್ಯಾಯ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಬಿಸಿಯೂಟದ ಅಕ್ಕಿ ಮತ್ತು ಬೇಳೆಯನ್ನು ಇದೇ ಸರ್ಕಾರಿ ವ್ಯವಸ್ಥೆ ಮನೆಗಳಿಗೆ ಕೊಟ್ಟಿತ್ತು. ವೈದ್ಯರ ಅಥವಾ ಆಶಾ ಕಾರ್ಯಕರ್ತೆಯ ಮಾತಿನ ಮೇಲೆ ಮನೆಯಲ್ಲಿರುವ ಮಗುವಿನ ಪಾಲಿನ ಮೊಟ್ಟೆಯನ್ನೂ ಅಕ್ಕಿಯನ್ನೂ ಪೋಷಕರ ಕೈಗೆ ಕೊಡಲು ಅಂಥ ದೊಡ್ಡ ಆದೇಶವೇನೂ ಬೇಕಾಗದು.

ನಲ್ಲಿಯ ಹತ್ತಿರ ಸೋಪು ಇರಬೇಕು, ಊಟಕ್ಕೆ ಮೊದಲು ಸಾಲಾಗಿ ಕೈ ತೊಳೆಯಲು ಮಕ್ಕಳಿಗೆ ಸಮಯ ಕೊಡಬೇಕು. ಒಂದೇ ಲೋಟವನ್ನು ಇಡೀ ತರಗತಿ ಕಚ್ಚಿ ಕುಡಿಯುವುದು ನಿಲ್ಲಬೇಕು.

ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಗೈರುಹಾಜರಿ ಹೆಚ್ಚಾದರೆ ಮೇಲಿನವರು ಮೊದಲು ಕೇಳುವುದು ಅವರನ್ನೇ. ಆದ್ದರಿಂದ ಕಾಯಿಲೆಯ ರಜೆಯನ್ನು ಹಾಜರಾತಿ ಪುಸ್ತಕದಲ್ಲಿ ಬೇರೆಯಾಗಿ ಬರೆದುಕೊಳ್ಳಿ, ಅದನ್ನು ಮಗುವಿನ ಲೆಕ್ಕದಲ್ಲೂ ಶಾಲೆಯ ಲೆಕ್ಕದಲ್ಲೂ ಕೊರತೆಯೆಂದು ಹಿಡಿಯಬೇಡಿ ಎಂದು ಶಿಕ್ಷಣ ಇಲಾಖೆ ಲಿಖಿತವಾಗಿ ತಿಳಿಸಬೇಕು. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ನಾನು ಇದೇ ಅರ್ಜಿ ಕೊಡುತ್ತಿದ್ದೇನೆ. ಡಬ್ಬಿ ಕೊಡಲೇಬೇಕೆಂದಿದ್ದರೆ ಶಾಲೆಯ ಎಲ್ಲ ಮಕ್ಕಳಿಗೂ ಕೊಡಲಿ, ಹಣ ಸಾಲದಿದ್ದರೆ ಊರಿನ ತಾಯಂದಿರು ಸೇರಿಸಿ ಕೊಡುತ್ತೇವೆ.

ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿ, ಮದ್ದೂರು ತಾಲ್ಲೂಕು
(ದಯವಿಟ್ಟು ಹೆಸರು ಪ್ರಕಟಿಸಬೇಡಿ)