ತತ್ತಿಬುಟ್ಟಿಗೆ ಬಟ್ಟೆಚೂರು ಬೇಡ

ಮಾನ್ಯ ಸಂಪಾದಕರೇ,

ಮೊನ್ನೆ ನನ್ನ ಹೊಲಿಗೆ ಅಂಗಡಿಗೆ ಬಂದ ಹಳೆಯ ಗಿರಾಕಿಯೊಬ್ಬರು ರವಿಕೆಯ ಮಾತೇ ಎತ್ತದೆ, ‘ಒಂದು ಚೀಲ ಚೂರುಬಟ್ಟೆ ಕೊಡೇ’ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಪರ್ಸಿನಿಂದ ನಿಮ್ಮ ಭಾನುವಾರದ ಪುರವಣಿಯ ತುಣುಕು ತೆಗೆದು ತೋರಿಸಿದರು. ಊರಕೋಳಿ ತತ್ತಿ ಇಡುವ ಬುಟ್ಟಿಗೆ ಹಳೆಬಟ್ಟೆಯ ಚೂರು ಹಾಸಬೇಕಂತೆ, ಅದಿಲ್ಲದಿದ್ದರೆ ತೆಂಗಿನ ನಾರು. ಹೇನು ಬಾರದ ಹಾಗೆ ಎರಡು ಡಾಂಬರ್ ಗುಳಿಗೆಯನ್ನೂ ಇಡಬೇಕಂತೆ. ಬರೆದವರ ಮನೆಯಲ್ಲಿ ಕೋಳಿ ಇದ್ದಂತಿಲ್ಲ.

ನಾನಿರುವುದು ಅಂಕೋಲಾದ ಕೇಣಿಯಲ್ಲಿ. ಹಿತ್ತಿಲಲ್ಲಿ ಹನ್ನೆರಡು ಹ್ಯಾಟೆ, ಒಂದು ಹುಂಜ. ಎರಡು ವರ್ಷದ ಹಿಂದೆ ಯಾರೂ ಹೇಳದೆಯೇ ನಾನು ಇದೇ ಬುದ್ಧಿವಂತಿಕೆ ಮಾಡಿದ್ದೆ. ಮಷಿನ್ನಿನ ಕೆಳಗೆ ದಿನಾ ರಾಶಿ ಚೂರು ಬೀಳುತ್ತದೆ. ಲೈನಿಂಗ್ ಬಟ್ಟೆಯಂತೂ ಮೆತ್ತಗೆ, ಕಾಸೂ ಕೊಡಬೇಕಿಲ್ಲ. ಒಂದು ಬೆಳಿಗ್ಗೆ ಕೆಂಪು ಹ್ಯಾಟೆ ತತ್ತಿ ಇಟ್ಟು ಕೆಳಗೆ ಹಾರಿತು, ಬುಟ್ಟಿಯೂ ಅದರ ಹಿಂದೆಯೇ ಉರುಳಿ ಬಂತು. ಮಗಳು ಅದನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದಳು. ಬಲಗಾಲಿನ ನಡುಬೆರಳಿಗೆ ನೂಲು ಏಳೆಂಟು ಸುತ್ತು ಬಿಗಿದು ಚರ್ಮದೊಳಗೆ ಹೂತುಹೋಗಿತ್ತು. ಮೇಲೆ ಕಂಡದ್ದು ಸಣ್ಣ ಗೀರು ಮಾತ್ರ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಒಂದೊಂದೇ ಸುತ್ತು ಎತ್ತಿ ಕತ್ತರಿಸಿದೆ. ಅಷ್ಟರಲ್ಲಿ ಬೆರಳಿನ ತುದಿ ಕಪ್ಪಾಗಿತ್ತು, ಆಮೇಲೆ ಒಣಗಿ ಉದುರಿಯೇ ಹೋಯಿತು. ಹತ್ತಿ ನೂಲಾಗಿದ್ದರೆ ಎಳೆದ ರಭಸಕ್ಕೆ ತುಂಡಾಗುತ್ತಿತ್ತೋ ಏನೋ. ಅದು ಪಾಲಿಯೆಸ್ಟರ್, ‘ಎಷ್ಟು ಎಳೆದರೂ ಹರಿಯೋದಿಲ್ಲ’ ಎಂದು ಗಿರಾಕಿಗಳಿಗೆ ನಾನೇ ಹೇಳಿ ಹಾಕುವ ನೂಲು.

ತೆಂಗಿನ ನಾರಿನದೂ ಅದೇ ಕತೆ, ಜೊತೆಗೆ ಇನ್ನೊಂದು ಕಾಟ. ಕೋಳಿ ಕೂತಲ್ಲೇ ಕುಕ್ಕುತ್ತದೆ. ಉದ್ದದ ಎಳೆ ನುಂಗಿದರೆ ಅದು ಕೊರಳ ಚೀಲದಲ್ಲಿ ಉಂಡೆಕಟ್ಟಿ ಕೂರುತ್ತದೆ, ಮೇವು ಕೆಳಗಿಳಿಯುವುದಿಲ್ಲ. ಬೆಳಿಗ್ಗೆ ಕಾಳು ಹಾಕುವ ಮೊದಲೇ ಕೊರಳು ಗಟ್ಟಿಯಾಗಿ ಉಬ್ಬಿದ್ದರೆ ಇದೇ ಆಗಿರಬಹುದು ಎಂದು ತಿಳಿಯಬೇಕು.

ಬಟ್ಟೆ ತೆಗೆದ ಮೇಲೆ ನಾನು ಹಾಕಿದ್ದು ಭತ್ತದ ಹುಲ್ಲು. ಅಜ್ಜಿಯ ಕಾಲದಿಂದ ಹಾಕಿದ್ದೇ, ಅದರಲ್ಲಿ ತಪ್ಪಿಲ್ಲ. ತಪ್ಪಿದ್ದು ಕಾಲ. ಮೇ ಕೊನೆಯ ಗಾಳಿಮಳೆಗೆ ಹುಲ್ಲು ಒಟ್ಟಿದ ಕುತ್ರಿಯ ಒಂದು ಬದಿ ನೆನೆದಿತ್ತು. ಹೊರಗಿನಿಂದ ಬಂಗಾರದ ಹಾಗೆ ಕಾಣುತ್ತಿದ್ದ ಕಟ್ಟನ್ನು ಬಿಚ್ಚಿ ಜಾಡಿಸಿದರೆ ಬೂದುಹಸಿರು ಹುಡಿ ಎದ್ದಿತು, ನನಗೂ ಎರಡು ದಿನ ಕೆಮ್ಮು. ಆದರೂ ‘ಒಣಗಿದೆಯಲ್ಲ’ ಎಂದು ಹಾಸಿ, ಹನ್ನೊಂದು ತತ್ತಿಯಿಟ್ಟು ಕಾವಿಗೆ ಕೂರಿಸಿದೆ. 21 ದಿನಕ್ಕೆ ಒಂಬತ್ತು ಮರಿ ಬಂದವು. ನಾಲ್ಕನೇ ದಿನದಿಂದ ಕೊರಳು ಚಾಚಿ, ಬಾಯಿ ತೆರೆದು, ಸದ್ದಿಲ್ಲದೆ ಉಸಿರಿಗೆ ಒದ್ದಾಡತೊಡಗಿದವು. ವಾರದೊಳಗೆ ಐದು ಸತ್ತವು. ನಾನು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂದೇ ಹೆದರಿದ್ದೆ. ಪಶು ಆಸ್ಪತ್ರೆಯ ಡಾಕ್ಟರು ಸತ್ತ ಮರಿಯೊಂದನ್ನು ಕೊಯ್ದು ಶ್ವಾಸಕೋಶ ತೋರಿಸಿದರು: ಗುಂಡುಸೂಜಿಯ ತಲೆಯಷ್ಟು ಹಳದಿ ಬಿಳಿ ಗಂಟುಗಳು. ಆಸ್ಪರ್ಜಿಲಸ್ ಎಂಬ ಬೂಷ್ಟು, ಇದಕ್ಕೆ ಔಷಧಿ ಕೊಟ್ಟು ಮರಿ ಉಳಿಸುವುದು ಕಷ್ಟ, ಹಾಸನ್ನೇ ಬದಲಿಸಬೇಕು ಎಂದರು.

ಅಂದಿನಿಂದ ನನ್ನ ಲೆಕ್ಕ ಒಂದೇ: ಕರಾವಳಿಯ ಮಳೆಗಾಲದಲ್ಲಿ ಹಾಸು ಎಷ್ಟು ಮೆತ್ತಗಿದೆ ಎಂದು ನೋಡುವ ಮೊದಲು ಎಷ್ಟು ಬೇಗ ಒಣಗುತ್ತದೆ ಎಂದು ನೋಡಬೇಕು. ನಾನೀಗ ಹಾಕುವುದು ರೈಸ್ ಮಿಲ್ಲಿನ ಉಮಿ, ಅದರ ಮೇಲೆ ಒಂದು ಹಿಡಿ ಗಾಳಿಮರದ ದರಕು, ಅಂದರೆ ಒಣಗಿ ಉದುರಿದ ಸೂಜಿಯಂಥ ಎಲೆ. ಕಡಲದಂಡೆಯಲ್ಲಿ ಒಲೆಗೆಂದು ಗುಡಿಸಿ ತರುತ್ತೇವಲ್ಲ, ಅದೇ. ನೀರು ಹಿಡಿದಿಡುವುದಿಲ್ಲ, ಮುದ್ದೆಯಾಗುವುದಿಲ್ಲ. ಮುಳ್ಳುಮುಳ್ಳಾದ ಕಾಯಿಗಳನ್ನು ಮಾತ್ರ ಆರಿಸಿ ಬಿಸಾಡಬೇಕು, ಇಲ್ಲದಿದ್ದರೆ ತತ್ತಿ ಬಿರಿಯುತ್ತದೆ. ಉಮಿಯನ್ನು ಕೋಳಿ ಕೆದರಿ ಚೆಲ್ಲುತ್ತದೆ, ಆದ್ದರಿಂದ ಪೆಟ್ಟಿಗೆಯಾದರೆ ಬಾಯಿಗೆ ನಾಲ್ಕಿಂಚಿನ ಅಡ್ಡಪಟ್ಟಿ ಹೊಡೆಯಿರಿ. ಹಾಸು ನಾಲ್ಕು ಬೆರಳು ದಪ್ಪವಾದರೂ ಇರಲಿ. ಗಿರಿರಾಜ ಎಂಬ ದೊಡ್ಡ ತಳಿಯ ಕೋಳಿ ಸಾಕುವವರಂತೂ ಇದರಲ್ಲಿ ಜಿಪುಣತನ ಮಾಡಬೇಡಿ. ಮೂರು ಕಿಲೋ ಭಾರದ ಹ್ಯಾಟೆ ಬರೀ ಹಲಗೆಯ ಮೇಲೆ ಕೂತರೆ ತತ್ತಿ ಉಳಿಯುವುದಿಲ್ಲ.

ಶಿರಸಿಗೆ ಕೊಟ್ಟ ನನ್ನ ಅಕ್ಕ ಬುಟ್ಟಿಯ ತಳಕ್ಕೆ ಅಡಿಕೆ ಹಾಳೆ ಹಾಕುತ್ತಾಳೆ, ಹೇಸಿಗೆಯಾದರೆ ಹಾಳೆ ಸಮೇತ ಎತ್ತಿ ಗೊಬ್ಬರಗುಂಡಿಗೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಬಿದ್ದ, ಮೈಲುತುತ್ತದ ನೀಲಿ ಕಲೆಯಿರುವ ಹಾಳೆಯನ್ನು ಮಾತ್ರ ಮುಟ್ಟುವುದಿಲ್ಲ. ಸಾಮಿಲ್ಲಿನ ಸಣ್ಣ ಹುಡಿಯೂ ಬೇಡ, ಮೂಗಿಗೆ ಹೋಗುತ್ತದೆ. ಆಚಾರಿ ಮರ ಕೀಸಿದಾಗ ಬೀಳುವ ಸುರುಳಿ ಸಿಪ್ಪೆ ಆದೀತು, ಅದು ಪ್ಲೈವುಡ್ಡಿನದೋ ಗೆದ್ದಲಿನ ಔಷಧಿ ಬಳಿದ ಮರದ್ದೋ ಅಲ್ಲವೆಂದು ಕೇಳಿಕೊಂಡು ತನ್ನಿ. ಇನ್ನು ಪೇಪರ್ ಹಾಸುವವರಿದ್ದಾರೆ. ಬೇಸರ ಮಾಡಬೇಡಿ, ನಿಮ್ಮ ಪತ್ರಿಕೆ ಓದಲು ಚೆಂದ, ಹಾಸಲು ಅಲ್ಲ. ನುಣುಪು ಹಾಳೆಯ ಮೇಲೆ ಎಳೆಮರಿಯ ಕಾಲು ಜಾರಿ ಅಗಲಿಸಿಕೊಂಡರೆ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ.

ಡಾಂಬರ್ ಗುಳಿಗೆಯ ಮಾತು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಅದು ವಿಷ. ಕೋಳಿ ಕಂಡದ್ದನ್ನೆಲ್ಲ ಕುಕ್ಕುವ ಜಾತಿ, ಮನೆಯಲ್ಲಿ ತತ್ತಿ ಹೆಕ್ಕಲು ಓಡುವವರು ಮಕ್ಕಳು. ತತ್ತಿಯ ಚಿಪ್ಪಿನ ತುಂಬ ಕಣ್ಣಿಗೆ ಕಾಣದ ತೂತುಗಳಿವೆ, ಆ ವಾಸನೆ ಒಳಗಿಳಿಯದೆ ಇರುತ್ತದೆಯೇ? ಹೇನಿನ ಹಾಗೆಯೇ ಕಾಡುವ ಕೆಂಪು ನುಸಿ ಹಗಲು ಬುಟ್ಟಿಯ ಹೆಣಿಗೆಯ ಸಂದಿಯಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ಹಳೆಯ ಹಾಸನ್ನು ಒಲೆಗೆ ಹಾಕಿ, ಬುಟ್ಟಿಗೆ ಕುದಿಯುವ ನೀರು ಹೊಯ್ದು ಬಿಸಿಲಲ್ಲಿ ಬೋರಲು ಹಾಕಿದರೆ ನನ್ನಲ್ಲಿ ಕಡಿಮೆಯಾಗಿದೆ. ಲಕ್ಕಿಸೊಪ್ಪನ್ನೂ ಇಡುತ್ತೇನೆ, ಆದರೆ ಅದರಿಂದಲೇ ಹೋಯಿತೆಂದು ಆಣೆ ಮಾಡಲಾರೆ.

ದಯವಿಟ್ಟು ಬರುವ ಭಾನುವಾರವೇ, ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಮಳೆಗೆ ಇನ್ನು ಮೂರು ವಾರವೂ ಇಲ್ಲ. ಉಮಿಯೋ ದರಕೋ ಒಣಗಿಸಿ ಚೀಲ ಕಟ್ಟಿ ಅಟ್ಟಕ್ಕೇರಿಸಲು ಇರುವ ಬಿಸಿಲು ಇಷ್ಟೇ. ಚೂರು ಕೇಳಲು ಬಂದವರಿಗೆ ಅರ್ಧ ಚೀಲ ಉಮಿ ಕೊಟ್ಟು ಕಳಿಸಿದ್ದೇನೆ. ನಿಮ್ಮ ತುಣುಕನ್ನು ಅವರು ಮತ್ತೆ ಪರ್ಸಿಗೇ ಹಾಕಿಕೊಂಡು ಹೋದರು.

ಇಂತಿ,
ಹೊಲಿಗೆ ಕೆಲಸದ ಓದುಗಾರ್ತಿಯೊಬ್ಬಳು
ಕೇಣಿ, ಅಂಕೋಲಾ ತಾಲ್ಲೂಕು