ಮಕ್ಕಳಿಗಾಗಿ ಬರೆಯೋದನ್ನೂ ಕಲಿಯಬೇಕು ಸ್ವಾಮಿ

ಮಾನ್ಯ ಸಂಪಾದಕರೇ,

ಮಕ್ಕಳು ಪುಸ್ತಕ ಮುಟ್ಟೋದಿಲ್ಲ, ಮೊಬೈಲ್ ಬಿಡೋದಿಲ್ಲ ಅನ್ನುವ ಪತ್ರಗಳು ಈ ಅಂಕಣದಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಮಕ್ಕಳನ್ನು ಬೈದಿದ್ದಾಯ್ತು, ಅಪ್ಪ ಅಮ್ಮಂದಿರನ್ನು ಬೈದಿದ್ದಾಯ್ತು, ಮೇಷ್ಟ್ರನ್ನೂ ಬಿಡಲಿಲ್ಲ. ಆ ಪುಸ್ತಕ ಬರೆಯುವವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಮಕ್ಕಳ ಪುಸ್ತಕಗಳ ಹಸ್ತಪ್ರತಿ ಓದಿ ತಿದ್ದುವುದು ನನ್ನ ಕೆಲಸ. ಆ ಕಡೆಯಿಂದ ನಾಲ್ಕು ಮಾತು ಹೇಳೋಣ ಅಂತ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿ ಹೇಗೂ ನಿಮ್ಮ ಕೈಯಲ್ಲೇ ಇದೆ.

ಹಸ್ತಪ್ರತಿಗಳ ಜೊತೆ ಬರೆದವರ ಒಂದು ಸಣ್ಣ ಟಿಪ್ಪಣಿ ಇರುತ್ತದೆ. 'ದೊಡ್ಡವರಿಗೆ ಕಾದಂಬರಿ ಬರೆಯುವ ಮುಂಚೆ ಕೈ ಪಳಗಲಿ ಅಂತ ಮಕ್ಕಳ ಕಥೆ ಬರೆದೆ' ಅಂತ ಒಬ್ಬರು. 'ನಿವೃತ್ತಿ ಆಯ್ತು, ಪುರುಸೊತ್ತಿತ್ತು, ವಾರದಲ್ಲಿ ಹತ್ತು ಕಥೆ ಬರೆದು ಮುಗಿಸಿದೆ' ಅಂತ ಇನ್ನೊಬ್ಬರು. ತಬಲಾ ಕಲಿಯೋಕೆ ಗುರು ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಆರು ವರ್ಷದ ಮಗುವನ್ನು ಹತ್ತು ನಿಮಿಷ ಹಿಡಿದು ಕೂರಿಸುವ ಕಥೆ ಬರೆಯೋಕೆ ಮಾತ್ರ ಒಳ್ಳೇ ಮನಸ್ಸೊಂದಿದ್ದರೆ ಸಾಕಂತೆ. ಮನಸ್ಸು ಒಳ್ಳೆಯದೇ ಇರಲಿ, ಕೈಗೆ ಕಸುಬು ಬೇಡವೇ?

ಮೊದಲ ತಕರಾರು ವಯಸ್ಸಿನದ್ದು. '3ರಿಂದ 15 ವರ್ಷದ ಎಲ್ಲ ಮಕ್ಕಳಿಗೂ' ಅಂತ ಬರೆದು ಕಳಿಸುತ್ತಾರೆ. ಅಂಥ ಮಗು ಎಲ್ಲೂ ಇಲ್ಲ. ಮೂರು ವರ್ಷದ್ದು ಓದೋದಿಲ್ಲ, ಯಾರದೋ ತೊಡೆ ಮೇಲೆ ಕೂತು ಕೇಳುತ್ತದೆ, ಚಿತ್ರ ನೋಡುತ್ತದೆ, ಅದೇ ಪುಟ ಮತ್ತೆ ಮತ್ತೆ ಬೇಕು ಅಂತ ಹಟ ಮಾಡುತ್ತದೆ. ಆರೇಳು ವರ್ಷದ್ದು ಬೆರಳಿಟ್ಟುಕೊಂಡು ಅಕ್ಷರ ಕೂಡಿಸಿ ಓದುತ್ತದೆ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಶುರು ಏನಿತ್ತು ಅನ್ನೋದೇ ಮರೆತಿರುತ್ತದೆ. ಹತ್ತು ವರ್ಷದವರು ಒಬ್ಬರೇ ಕೂತು ಇಡೀ ಪುಸ್ತಕ ಮುಗಿಸುತ್ತಾರೆ, ಆದರೆ ಅವರಿಗೆ ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಬೇಕು. ಎಂಟು ವರ್ಷದ ಹುಡುಗನ ಕಥೆ ಕೊಟ್ಟು ನೋಡಿ, 'ಇದು ಚಿಕ್ಕ ಮಕ್ಕಳದ್ದು' ಅಂತ ಪಕ್ಕಕ್ಕಿಡುತ್ತಾರೆ. ಹದಿನಾಲ್ಕರವರಿಗಂತೂ ಮಕ್ಕಳು ಅಂತ ಕರೆದರೇ ಸಿಟ್ಟು. ಇವರೆಲ್ಲರಿಗೂ ಒಂದೇ ಕಥೆ ಅಂದರೆ, ಬರೆದವರು ಯಾರನ್ನೂ ನೋಡದೆ ಬರೆದಿದ್ದಾರೆ ಅಂತಲೇ ಅರ್ಥ.

ಚಿತ್ರಪುಸ್ತಕದ ವಿಷಯಕ್ಕೆ ಬರೋಣ. ಸುಲಭ ಅಂತ ಎಲ್ಲರೂ ಕೈ ಹಾಕುವುದು ಇದಕ್ಕೇ, ಕೈ ಸುಟ್ಟುಕೊಳ್ಳುವುದೂ ಇಲ್ಲೇ. ಪ್ರಪಂಚದ ಬಹಳಷ್ಟು ಚಿತ್ರಪುಸ್ತಕಗಳು 32 ಪುಟದವು. ಅದೇನು ಮಂತ್ರದ ಸಂಖ್ಯೆ ಅಲ್ಲ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ ಮಡಚಿದಾಗ 8 ಅಥವಾ 16 ಪುಟಗಳ ಕಂತೆ ಆಗುತ್ತದೆ, ಆದ್ದರಿಂದ 16, 24, 32 ಹೀಗೇ ಲೆಕ್ಕ ಹೋಗುತ್ತದೆ. ಶೀರ್ಷಿಕೆ, ಪ್ರಕಾಶಕರ ವಿವರ ಅಂತ ಮೂರ್ನಾಲ್ಕು ಪುಟ ಕಳೆದರೆ ಕಥೆಗೆ ಉಳಿಯುವುದು ಎದುರುಬದುರು ಪುಟಗಳ ಹದಿನಾಲ್ಕೋ ಹದಿನೈದೋ ಜೋಡಿ. ಅಷ್ಟರಲ್ಲಿ ಕಥೆ ಹುಟ್ಟಬೇಕು, ಬೆಳೆಯಬೇಕು, ಮುಗಿಯಬೇಕು.

ಹೊಸಬರಿಗೆ ನಾನು ಹೇಳುವುದು ಇಷ್ಟು. ಎಂಟು ಖಾಲಿ ಹಾಳೆ ತಗೊಳ್ಳಿ, ಒಟ್ಟಿಗೆ ನಡುವಿಗೆ ಮಡಚಿ, ಮಡಿಕೆಯಲ್ಲಿ ಎರಡು ಸ್ಟೇಪ್ಲರ್ ಪಿನ್ ಹೊಡೆಯಿರಿ. 32 ಪುಟದ ಪುಸ್ತಕ ಸಿದ್ಧ. ಈಗ ನಿಮ್ಮ ಕಥೆಯನ್ನು ತುಂಡು ತುಂಡಾಗಿ ಕತ್ತರಿಸಿ ಪುಟಪುಟಕ್ಕೂ ಅಂಟಿಸಿ, ಚಿತ್ರ ಬರೆಯೋಕೆ ಬರದಿದ್ದರೆ ಬರೀ ಗೆರೆ ಬೊಂಬೆ ಗೀಚಿ. ಪುಟ ತಿರುವುತ್ತಾ ಜೋರಾಗಿ ಓದಿ. ಎಲ್ಲಾ ಗುಟ್ಟೂ ಅಲ್ಲೇ ರಟ್ಟಾಗುತ್ತದೆ. ಮೂರು ಪುಟಗಳಲ್ಲಿ ಇಬ್ಬರು ಸುಮ್ನೆ ನಿಂತು ಮಾತಾಡುತ್ತಿದ್ದಾರೆ, ಚಿತ್ರಕಾರರು ಏನು ಬರೆಯಬೇಕು? ಬಾಗಿಲು ತಟ್ಟಿದ್ದು ಯಾರು ಅನ್ನುವ ಪ್ರಶ್ನೆ ಮತ್ತು ಉತ್ತರ ಎರಡೂ ಒಂದೇ ಪುಟದಲ್ಲಿವೆ, ಹಾಗಾದರೆ ಮಗು ಪುಟ ಯಾಕೆ ತಿರುವಬೇಕು? ಪ್ರಶ್ನೆ ಬಲಗಡೆ ಪುಟದ ಕೊನೆಗೆ ಬರಲಿ, ಉತ್ತರ ಆ ಪುಟದ ಬೆನ್ನಿಗೆ, ತಿರುವಿದರೆ ಸಿಗುವಂತೆ ಅಡಗಿರಲಿ. ಪುಟ ತಿರುವುವ ಆ ಒಂದು ಕ್ಷಣ ಬರೆಯುವವರ ಕೈಯಲ್ಲಿರುವ ದೊಡ್ಡ ಸಾಧನ, ಅದನ್ನು ಬಳಸದೆ ಬಿಡುವವರೇ ಜಾಸ್ತಿ.

ಇನ್ನೊಂದು, ಚಿತ್ರ ಹೇಳುವುದನ್ನೇ ಮಾತು ಮತ್ತೆ ಹೇಳುವುದು. 'ಹುಡುಗಿ ಕೆಂಪು ಕೊಡೆ ಹಿಡಿದು ಮಳೆಯಲ್ಲಿ ನಡೆಯುತ್ತಿದ್ದಳು' ಅಂತ ಬರೆದಿರುತ್ತಾರೆ. ಕೊಡೆ, ಕೆಂಪು, ಮಳೆ ಎಲ್ಲಾ ಚಿತ್ರದಲ್ಲೇ ಇದೆಯಲ್ಲ! ಅದೇ ಜಾಗದಲ್ಲಿ 'ನಾನು ಒಂಚೂರೂ ನೆನೆಯಲಿಲ್ಲ' ಅಂತ ಹುಡುಗಿಯೇ ಹೇಳಲಿ. ಚಿತ್ರದಲ್ಲಿ ಕೊಡೆ ಮಗುಚಿ, ಜಡೆಯಿಂದ ನೀರು ಸೋರುತ್ತಿರಲಿ. ಮಗು ಬಿದ್ದು ಬಿದ್ದು ನಗುತ್ತದೆ, ಯಾಕೆಂದರೆ ಆ ಹುಡುಗಿ ಮುಚ್ಚಿಟ್ಟಿದ್ದು ತನಗೆ ಗೊತ್ತಾಗಿಬಿಟ್ಟಿದೆ. ಇಂಥ ಒಂದು ಪುಟ ಬರೆಯೋಕೆ ಕಲಿಯಲು ಸಮಯ ಹಿಡಿಯುತ್ತದೆ.

ಭಾಷೆ ಸರಳ ಇರಲಿ ಅಂದ ಕೂಡಲೇ ಕೆಲವರು ಅಮೆರಿಕದ ಮಕ್ಕಳ ಲೇಖಕ ಡಾ. ಸೂಸ್ ಹೆಸರು ತೆಗೆಯುತ್ತಾರೆ. ನಿಜ, 1957ರ 'ದಿ ಕ್ಯಾಟ್ ಇನ್ ದಿ ಹ್ಯಾಟ್' ಪುಸ್ತಕದಲ್ಲಿ ಇರುವುದು ಬರೀ 236 ಬೇರೆ ಬೇರೆ ಪದಗಳು. 1960ರ 'ಗ್ರೀನ್ ಎಗ್ಸ್ ಆಂಡ್ ಹ್ಯಾಮ್' 50 ಪದಗಳಲ್ಲಿ ಮುಗಿಯುತ್ತದೆ, ಅದೂ ಪ್ರಕಾಶಕರ ಜೊತೆ ಪಂದ್ಯ ಕಟ್ಟಿ ಬರೆದದ್ದು. ಆದರೆ ನಾವೂ ಹಾಗೇ ಪದ ಎಣಿಸಿಕೊಂಡು ಕೂರೋದು ಬೇಡ. ಇಂಗ್ಲಿಷ್‌ನಲ್ಲಿ ಬರೆದಂತೆ ಓದೋದಿಲ್ಲ, ಎಷ್ಟೋ ಪದಗಳ ಕಾಗುಣಿತವನ್ನೇ ಮಗು ಬಾಯಿಪಾಠ ಮಾಡಬೇಕು. ಕನ್ನಡದ ಮಗು ಅಕ್ಷರ, ಕಾಗುಣಿತ ಕಲಿತರೆ ಹೊಸ ಪದವನ್ನೂ ಓದಿ ಹೇಳುತ್ತದೆ. ಅದು ಎಡವುವುದು ಒತ್ತಕ್ಷರ ಸಾಲಾಗಿ ಬಂದಾಗ, ಮೂರ್ನಾಲ್ಕು ಪದ ಸಂಧಿಯಾಗಿ ಒಂದೇ ಉದ್ದದ ಪದ ಆದಾಗ, ಕ್ರಿಯಾಪದ ಎಲ್ಲೋ ನಾಲ್ಕನೇ ಸಾಲಿನಲ್ಲಿ ಬಂದಾಗ. ಆದ್ದರಿಂದ ಓದು ಕಲಿಯುತ್ತಿರುವವರಿಗೆ ಬರೆಯುವಾಗ ಕಣ್ಣಿಡಬೇಕಾದ್ದು ಅಲ್ಲಿ. ಇಂಗ್ಲಿಷ್ ಕೈಪಿಡಿಗಳಲ್ಲಿ ಇಂತಿಂಥ ವಯಸ್ಸಿಗೆ ಇಷ್ಟಿಷ್ಟು ಪದ ಅಂತ ಕೊಟ್ಟಿರುವ ಲೆಕ್ಕವೂ ನಮಗೆ ಹೊಂದೋದಿಲ್ಲ, ಅವರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು ಎಷ್ಟೋ ಸಲ ಒಂದೇ ಪದದಲ್ಲಿ ಮುಗಿಸುತ್ತೇವೆ. ಹಾಗಂತ ಕಷ್ಟದ ಪದವೇ ಬೇಡ ಅಂತಲ್ಲ. ಬಾಯಿಗೆ ಮಜಾ ಕೊಡುವ ಪದ ಎಷ್ಟು ದೊಡ್ಡದಿದ್ದರೂ ಮಕ್ಕಳು ಬಿಡೋದಿಲ್ಲ.

ಈಗ ನೀತಿ. ಇದನ್ನು ಹೇಳದೆ ಬಿಟ್ಟರೆ ಪತ್ರ ಬರೆದು ಪ್ರಯೋಜನವಿಲ್ಲ. ನಾನು ಓದುವ ಹಸ್ತಪ್ರತಿಗಳಲ್ಲಿ ಬಹುಪಾಲು ಹೀಗೆ ಶುರುವಾಗುತ್ತವೆ: 'ಒಂದಾನೊಂದು ಊರಿನಲ್ಲಿ ರಾಮು ಎಂಬ ಬಾಲಕನಿದ್ದನು. ಅವನು ಬಹಳ ತುಂಟನಾಗಿದ್ದನು. ಹಿರಿಯರ ಮಾತನ್ನು ಕೇಳುತ್ತಿರಲಿಲ್ಲ.' ಮೂರು ವಾಕ್ಯ ಓದಿದ ಮಗುವಿಗೆ ಎಲ್ಲಾ ಗೊತ್ತಾಯಿತು. ರಾಮು ಬೀಳುತ್ತಾನೆ, ಅಳುತ್ತಾನೆ, ಕೊನೆಗೆ ಒಬ್ಬರು ದೊಡ್ಡವರು ಬಂದು ಬುದ್ಧಿ ಹೇಳುತ್ತಾರೆ. ಇದನ್ನೇ ಹೀಗೆ ಬರೆದರೆ? 'ಏಣಿ ಹತ್ತಬೇಡ ಅಂತ ಹೇಳಿ ಅಜ್ಜಿ ಇನ್ನೂ ಬಾಯಿ ಮುಚ್ಚಿರಲಿಲ್ಲ, ರಾಮು ಆಗಲೇ ಮೂರನೇ ಮೆಟ್ಟಿಲಲ್ಲಿದ್ದ.' ತುಂಟ ಅನ್ನುವ ಪದವೇ ಇಲ್ಲ. 'ಎಂಬ ಬಾಲಕನಿದ್ದನು' ಇಲ್ಲ. ಅವನು ಮೇಲೆ ಏನು ನೋಡೋಕೆ ಹೊರಟಿದ್ದಾನೆ ಅನ್ನುವ ಕುತೂಹಲ ಮಾತ್ರ ಇದೆ. ಆ ಕುತೂಹಲಕ್ಕೆ ಬರೆದವರು ಮೋಸ ಮಾಡಬಾರದು, ಮೇಲೆ ನಿಜವಾಗಿಯೂ ನೋಡುವಂಥದ್ದು ಏನಾದರೂ ಇರಲೇಬೇಕು.

ಹಾಗಾದರೆ ಮಕ್ಕಳಿಗೆ ಒಳ್ಳೆಯದು ಕೆಟ್ಟದ್ದು ಹೇಳೋದೇ ಬೇಡವಾ ಅಂತ ಕೇಳುತ್ತಾರೆ. ಹೇಳಿ, ಆದರೆ ಕಥೆಯ ಬಾಲಕ್ಕೆ ಕಟ್ಟಬೇಡಿ. ಗೆಳತಿಯ ಪುಸ್ತಕ ಕಳೆದುಹಾಕಿದ ಹುಡುಗಿಯೊಬ್ಬಳು 'ಆಗಲೇ ವಾಪಸ್ ಕೊಟ್ಟೆನಲ್ಲ' ಅಂತ ಸುಳ್ಳು ಹೇಳುತ್ತಾಳೆ ಅಂದುಕೊಳ್ಳಿ. ಮುಂದಿನ ಪುಟದಲ್ಲೇ ಅವಳನ್ನು ಹಿಡಿದುಹಾಕಬೇಡಿ. ಸುಳ್ಳು ನಾಲ್ಕು ಪುಟ ಚೆನ್ನಾಗಿ ನಡೆಯಲಿ. ಗೆಳತಿ ನಂಬಲಿ, ಅವಳ ಜೊತೆ ಸೇರಿ ತಾನೂ ಹುಡುಕಲಿ, ತನ್ನದೇ ತಪ್ಪಿರಬೇಕು ಅಂತ ಪೆಚ್ಚಾಗಲಿ. ಅಷ್ಟೊತ್ತಿಗೆ ಓದುವ ಮಗುವಿನ ಹೊಟ್ಟೆಯಲ್ಲೇ ಸಂಕಟ ಶುರುವಾಗಿರುತ್ತದೆ. ಆಮೇಲೆ ಆ ಹುಡುಗಿ ಏನು ಮಾಡುತ್ತಾಳೋ ಅದನ್ನು ಅವಳೇ ಮಾಡಬೇಕು, ಅಪ್ಪನೋ ಮೇಡಮ್ಮೋ ಬಂದು ಬಗೆಹರಿಸಬಾರದು. ಮಕ್ಕಳ ಕಥೆಯಲ್ಲಿ ದೊಡ್ಡವರಿಗೆ ಆದಷ್ಟು ಬೇರೆ ಕೆಲಸ ಕೊಟ್ಟು ಆಚೆ ಕಳಿಸುವುದು ಈ ಕಸುಬಿನ ಹಳೇ ಉಪಾಯ. ನಾನು ಹಸ್ತಪ್ರತಿ ಓದುವಾಗ ಕೊನೆಯ ಪ್ಯಾರಾ ಮೇಲೆ ಒಂದು ಕಾಗದ ಮುಚ್ಚಿ ನೋಡುತ್ತೇನೆ. ಎಷ್ಟೋ ಕಥೆಗಳು ಅಲ್ಲಿಗೇ ಚೆನ್ನಾಗಿ ಮುಗಿದಿರುತ್ತವೆ.

ಹದಿಹರೆಯದವರಿಗೆ ಬರೆಯುವುದು ಇನ್ನೊಂದು ಥರದ ಫಜೀತಿ. ನಾವು ನಲವತ್ತು ಐವತ್ತು ದಾಟಿದವರು ಹದಿನೈದರ ಹುಡುಗಿಯ ದನಿಯಲ್ಲಿ ಬರೆಯೋಕೆ ಕೂರುತ್ತೇವೆ, ಎರಡನೇ ಪುಟಕ್ಕೇ 'ಆ ವಯಸ್ಸಿನಲ್ಲಿ ನನಗೆ ಜೀವನ ಅಂದರೇನು ಅಂತ ತಿಳಿದಿರಲಿಲ್ಲ' ಅಂತ ಒಳಗಿನ ಮುದುಕಿ ಇಣುಕುತ್ತಾಳೆ. ಹದಿನೈದರವಳು ಹಿಂದಿರುಗಿ ನೋಡೋದಿಲ್ಲ, ಅವಳಿಗೆ ಎಲ್ಲವೂ ಈಗ, ಇಲ್ಲೇ ಆಗುತ್ತಿದೆ. ಗೆಳತಿ ಮೆಸೇಜ್ ನೋಡಿಯೂ ಉತ್ತರ ಕೊಡಲಿಲ್ಲ ಅನ್ನುವುದು ಅವಳಿಗೆ ಸಣ್ಣ ವಿಷಯ ಅಲ್ಲ. ಬರೆಯುವವರು ಅದನ್ನು ಸಣ್ಣದು ಅಂದುಕೊಂಡರೆ ಆ ಪುಸ್ತಕ ಅಲ್ಲಿಗೆ ಸತ್ತಿತು. ಇನ್ನು ಕೆಲವರು ಈಗಿನ ಹುಡುಗರ ಭಾಷೆ ಅಂತ ಸಿಕ್ಕಿದ ಹೊಸ ಪದಗಳನ್ನೆಲ್ಲ ತುರುಕುತ್ತಾರೆ. ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಆ ಪದಗಳು ಹಳಸಿ, ಹುಡುಗರು ನಕ್ಕುಬಿಡುತ್ತಾರೆ. ಪದಗಳಿಗಿಂತ ಅವರ ಮಾತಿನ ಓಟ ಕೇಳಿಸಿಕೊಳ್ಳಿ. ಅರ್ಧಕ್ಕೇ ಬಿಟ್ಟ ವಾಕ್ಯ, ಕೇಳಿದ್ದಕ್ಕೆ ಕೊಡದ ಉತ್ತರ, 'ಏನಿಲ್ಲ ಬಿಡು' ಅಂತ ಮುಚ್ಚಿಕೊಳ್ಳುವ ರೀತಿ. ಸಾವು, ಪ್ರೀತಿ, ಅವಮಾನ, ಮನೆಯೊಳಗಿನ ಜಗಳ, ಯಾವುದನ್ನೂ ಅವರಿಂದ ಬಚ್ಚಿಡಬೇಕಿಲ್ಲ, ಅವರು ಆಗಲೇ ನೋಡಿರುತ್ತಾರೆ. ಬಚ್ಚಿಡಬೇಕಾದ್ದು ನಮ್ಮ ಭಾಷಣವನ್ನು.

ಕಲಿಯೋದು ಹೇಗೆ ಅಂದರೆ, ಮೊದಲು ಈಗ ಬರುತ್ತಿರುವ ಮಕ್ಕಳ ಪುಸ್ತಕ ಓದಬೇಕು. ತಾವು ಚಿಕ್ಕಂದಿನಲ್ಲಿ ಓದಿದ್ದರ ನೆನಪಿನ ಮೇಲೆ ಬರೆಯುವವರೇ ಜಾಸ್ತಿ. ಇಷ್ಟವಾದ ಒಂದು ಚಿತ್ರಪುಸ್ತಕದ ಮಾತುಗಳನ್ನಷ್ಟೇ ಬಿಳಿ ಹಾಳೆಯಲ್ಲಿ ಕೈಯಾರೆ ಬರೆದು ನೋಡಿ, ಎಷ್ಟು ಕಡಿಮೆ ಇದೆ ಅಂತ ಗಾಬರಿಯಾಗುತ್ತದೆ. ಆಮೇಲೆ ನಿಮ್ಮದನ್ನು ಮಕ್ಕಳ ಮುಂದೆ ಓದಿ. ಸ್ವಂತ ಮೊಮ್ಮಗಳ ಮುಂದೆ ಬೇಡ, ಅವಳಿಗೆ ನಿಮ್ಮ ಮೇಲೆ ಪ್ರೀತಿ, ತೀರ್ಪು ನಡೆಯೋದಿಲ್ಲ. ಓದಿ ಮುಗಿಸಿ 'ಹೇಗಿತ್ತು ಪುಟ್ಟಾ' ಅಂತಲೂ ಕೇಳಬೇಡಿ. ನಮ್ಮ ಮಕ್ಕಳು ದೊಡ್ಡವರಿಗೆ ಬೇಜಾರು ಮಾಡಬಾರದು ಅಂತ ಕಲಿತವರು, 'ಚೆನ್ನಾಗಿದೆ' ಅಂದುಬಿಡುತ್ತಾರೆ. ಓದುವಾಗಲೇ ಅವರ ಮೈ ನೋಡಿ. ಯಾವ ಸಾಲಿಗೆ ಪಕ್ಕದವನ ಬೆನ್ನು ಚುಚ್ಚೋಕೆ ಶುರು ಮಾಡಿದರು, ಯಾವ ಪುಟಕ್ಕೆ ಶೂ ದಾರ ಬಿಚ್ಚಿ ಕಟ್ಟಿದರು, ಎಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ತೆಪ್ಪಗಾದರು. ಪೆನ್ಸಿಲ್‌ನಲ್ಲಿ ಆ ಜಾಗಕ್ಕೆ ಒಂದು ಗುರುತು ಹಾಕಿ ಮುಂದೆ ಓದಿ. ಯಾವ ವಿಮರ್ಶಕರೂ ಅಷ್ಟು ಕರಾರುವಾಕ್ಕಾಗಿ ಹೇಳಲಾರರು. ಸಾಧ್ಯವಾದರೆ ಬೇರೆಯವರ ಕೈಯಲ್ಲಿ ಓದಿಸಿ, ನೀವು ಹಿಂದೆ ಕೂತು ನೋಡಿ. ಬರೆದವರು ಓದಿದರೆ ಅಭಿನಯದಲ್ಲಿ ಕಥೆಯ ತೂತು ಮುಚ್ಚಿಹೋಗುತ್ತದೆ.

ಇನ್ನು ನಿಮ್ಮಲ್ಲಿ ನನ್ನ ಬೇಡಿಕೆ. ನಿಮ್ಮ ಮಕ್ಕಳ ಪುಟದಲ್ಲಿ ಕಥೆ ಯಾವ ವಯಸ್ಸಿನವರಿಗೆ ಅಂತ ಹಾಕಿ, ಚಿತ್ರ ಬರೆದವರ ಹೆಸರನ್ನು ಕಥೆ ಬರೆದವರ ಹೆಸರಿನಷ್ಟೇ ದೊಡ್ಡದಾಗಿ ಹಾಕಿ. ಮಕ್ಕಳ ಪುಸ್ತಕದ ವಿಮರ್ಶೆ ಅಂದರೆ 'ಮುದ್ದಾಗಿದೆ, ಒಳ್ಳೆಯ ಸಂದೇಶವಿದೆ' ಅನ್ನುವ ನಾಲ್ಕು ಸಾಲು ಅಲ್ಲ ಅಂತ ವಿಮರ್ಶಕರಿಗೆ ಸ್ವಲ್ಪ ಹೇಳಿ. ತಿಂಗಳಿಗೊಮ್ಮೆಯಾದರೂ ಒಂದು ಮಕ್ಕಳ ಕಥೆಯ ಮೊದಲ ಕರಡು, ಅದರ ಪಕ್ಕದಲ್ಲೇ ತಿದ್ದಿದ ಪ್ರತಿ, ಎರಡನ್ನೂ ಬರೆದವರ ಒಪ್ಪಿಗೆ ಪಡೆದು ಅಚ್ಚು ಹಾಕಿ. ಯಾವ ಸಾಲು ಹೋಯಿತು, ಯಾಕೆ ಹೋಯಿತು ಅಂತ ಅಂಚಿನಲ್ಲಿ ಬರೆಯಿರಿ. ಕಾರ್ಯಾಗಾರಕ್ಕೆ ಹೋಗಲಾಗದವರಿಗೆ ಅದೇ ಪಾಠ ಆಗುತ್ತದೆ. ಯಾರೂ ತಮ್ಮ ಕರಡು ತೋರಿಸೋಕೆ ಮುಂದೆ ಬರೋದಿಲ್ಲ ಅನ್ನುವ ಅನುಮಾನ ನಿಮಗಿದ್ದರೆ ಮೊದಲ ತಿಂಗಳಿಗೆ ನನ್ನದೇ ಒಂದು ಕಥೆ ಕಳಿಸುತ್ತೇನೆ, ಕೆಂಪು ಪೆನ್ನು ಯಾರ ಕೈಗೆ ಕೊಡುತ್ತೀರೋ ಅದು ನಿಮಗೆ ಬಿಟ್ಟದ್ದು.

ಇಂತಿ,
ನಿಮ್ಮ ಓದುಗರಲ್ಲೊಬ್ಬರು