ಚಿತ್ರದ ಅಂಚಿನಲ್ಲಿ ಮಂಡಿಯೂರಿದ ಸಾಹುಕಾರ

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ಹದಿನೈದನೆಯ ಶತಮಾನದ ಇಟಲಿಯ ಫ್ಲಾರೆನ್ಸ್ ನಗರದ ಬ್ಯಾಂಕರುಗಳನ್ನು ಕುರಿತ ನಿನ್ನ ಬರಹ ಮೊನ್ನೆ ಕೈಸೇರಿತು. ಎರಡು ಸಲ ಓದಿದೆ. ಭಾಷೆಗೆ ಓಟವಿದೆ. ಆದರೆ ಮೊದಲ ಎರಡು ಪುಟಗಳಲ್ಲಿ ‘ಮಹಾನ್ ಕಲಾಪೋಷಕ’ ಎಂಬ ಮಾತು ಒಂಬತ್ತು ಸಲ ಬಂದಿದೆ, ಮೂರನೆಯ ಪುಟಕ್ಕೆ ಅದೇ ಜನ ‘ಬಡ್ಡಿ ತಿಂದು ಕೊಬ್ಬಿದವರು’ ಆಗಿದ್ದಾರೆ. ಹಾರ ಹಾಕುವುದೂ ಶಾಪ ಹಾಕುವುದೂ ಸುಲಭದ ಕೆಲಸ. ಎರಡರಲ್ಲೂ ಮನುಷ್ಯನ ಮುಖ ಕಾಣುವುದಿಲ್ಲ.

ನೀನು ಅರ್ಧ ಸಾಲಿನಲ್ಲಿ ದಾಟಿಹೋದ ಫ್ರಾಂಚೆಸ್ಕೊ ಸಸ್ಸೆತ್ತಿಯ ಬಳಿಗೆ ಹಿಂದಿರುಗು. ಆ ನಗರವನ್ನು ಹಿಡಿತದಲ್ಲಿಟ್ಟಿದ್ದ ಮೆಡಿಚಿ ಮನೆತನದ ಬ್ಯಾಂಕಿನ ಎಲ್ಲ ಶಾಖೆಗಳ ಲೆಕ್ಕ ನೋಡುತ್ತಿದ್ದ ಪ್ರಧಾನ ವ್ಯವಸ್ಥಾಪಕ ಅವನು. ಸಾಂತಾ ತ್ರಿನಿತಾ ಚರ್ಚಿನಲ್ಲಿ ತನ್ನ ಗೋರಿ ಇರಬೇಕಾದ ಸಣ್ಣ ಪ್ರಾರ್ಥನಾಗೃಹಕ್ಕೆ ಚಿತ್ರಕಾರ ದೊಮೆನಿಕೊ ಗಿರ್ಲಾಂದಾಯೊನಿಂದ ಚಿತ್ರ ಬರೆಸಿದ. ನಡುವೆ ಶಿಶು ಯೇಸುವಿನ ಚಿತ್ರ, ಅದರ ಮೇಲೆ 1485 ಎಂಬ ಇಸವಿ. ಒಂದು ಪಕ್ಕದಲ್ಲಿ ಹೆಂಡತಿ ನೇರಾ, ಇನ್ನೊಂದು ಪಕ್ಕದಲ್ಲಿ ಅವನು, ಇಬ್ಬರೂ ಕೈಮುಗಿದು ಮಂಡಿಯೂರಿದ್ದಾರೆ. ಸುತ್ತಲ ಗೋಡೆಗಳ ಮೇಲಿರುವುದು ಅವನ ಹೆಸರಿನ ಸಂತ, ಅಸ್ಸಿಸಿಯ ಫ್ರಾನ್ಸಿಸ್. ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿ, ಉಟ್ಟ ಬಟ್ಟೆಯನ್ನೂ ಕಳಚಿ ಅಪ್ಪನಿಗೆ ಒಪ್ಪಿಸಿ, ಬಡತನವನ್ನು ವರಿಸಿದವನು. ಆ ಬಟ್ಟೆ ಕಳಚುವ ದೃಶ್ಯವೂ ಅಲ್ಲಿದೆ. ಬದುಕಿಡೀ ಫ್ಲಾರಿನ್ ಎಂಬ ಚಿನ್ನದ ನಾಣ್ಯ ಎಣಿಸಿದ ಮನುಷ್ಯ ತನ್ನ ಕೊನೆಯ ನಿದ್ದೆಯ ತಲೆಯ ಮೇಲೆ ಈ ಕಥೆ ಇರಲಿ ಎಂದು ಬಯಸಿದ. ನಿನ್ನ ಓದುಗರನ್ನು ಆ ಗೋಡೆಯ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲಿಸು.

ಆಮೇಲೆ ಅವನ ಭಯವನ್ನು ತಿಳಿಸು. ಆಗಿನ ಚರ್ಚಿನ ಕಟ್ಟಳೆಯಲ್ಲಿ ಬಡ್ಡಿ ಪಾಪವಾಗಿತ್ತು. ಹಾಗಾಗಿ ಬ್ಯಾಂಕರುಗಳು ಫ್ಲಾರೆನ್ಸಿನಲ್ಲಿ ಹಣ ಕೊಟ್ಟು, ಕೆಲವು ತಿಂಗಳ ಮೇಲೆ ಇಂದಿನ ಬೆಲ್ಜಿಯಂನ ಬ್ರೂಜ್‌ನಲ್ಲೋ ಲಂಡನ್ನಿನಲ್ಲೋ ಅಲ್ಲಿಯ ನಾಣ್ಯದಲ್ಲಿ ವಸೂಲು ಮಾಡುತ್ತಿದ್ದರು. ಬಡ್ಡಿ ವಿನಿಮಯದ ದರದೊಳಗೆ ಅಡಗಿ ಕುಳಿತಿರುತ್ತಿತ್ತು. ಹುಂಡಿ ವ್ಯವಹಾರ ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾತೊ ಊರಿನ ವರ್ತಕ ದಾತೀನಿಯ ಲೆಕ್ಕದ ಪುಸ್ತಕಗಳು ‘ದೇವರ ಹೆಸರಿನಲ್ಲಿ ಮತ್ತು ಲಾಭದ ಹೆಸರಿನಲ್ಲಿ’ ಎಂದು ಆರಂಭವಾಗುತ್ತಿದ್ದವು. ಅದನ್ನು ಮೊದಲ ಸಲ ಓದಿದಾಗ ನನಗೆ ನನ್ನ ಅಪ್ಪ ನೆನಪಾದರು. ದೀಪಾವಳಿಯಂದು ಹೊಸ ಕಿರ್ದಿ ಪುಸ್ತಕಕ್ಕೆ ಕುಂಕುಮ ಹಚ್ಚಿ, ‘ಶುಭ ಲಾಭ’ ಎಂದು ಬರೆದು, ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆ ಭಕ್ತಿಯಲ್ಲಿ ಸುಳ್ಳಿರಲಿಲ್ಲ. ಸಸ್ಸೆತ್ತಿಯ ಮುಗಿದ ಕೈಗಳನ್ನು ನಾನು ನಂಬುವುದು ಅದಕ್ಕೇ.

ಒಂದು ತಪ್ಪನ್ನು ತಿದ್ದಲೇಬೇಕು. 1434ರಿಂದ 1471ರವರೆಗೆ ಮೆಡಿಚಿಗಳು 6,63,755 ಫ್ಲಾರಿನ್‌ಗಳನ್ನು ‘ಕಲೆಗಾಗಿ ಸುರಿದರು’ ಎಂದಿದ್ದೀಯೆ. ಅದು ಕಟ್ಟಡ, ದಾನಧರ್ಮ, ತೆರಿಗೆ ಮೂರನ್ನೂ ಕೂಡಿಸಿ ಆ ಮನೆತನದ ಯಜಮಾನ ಲೊರೆಂಜೊ ಬರೆದಿಟ್ಟ ಮೊತ್ತ. ಹಾಗೆ ಕೂಡಿಸಿಟ್ಟದ್ದರಲ್ಲೇ ಆ ಮನೆತನದ ಮನಸ್ಸು ಕಾಣುತ್ತದೆ. ಅದನ್ನು ಒಡೆಯಬೇಡ.

ದೊಡ್ಡ ಮೊತ್ತಕ್ಕಿಂತ ಸಣ್ಣ ಮೊತ್ತ ಹೆಚ್ಚು ಮಾತಾಡುತ್ತದೆ. ಅದೇ 1485ರಲ್ಲಿ ಗಿರ್ಲಾಂದಾಯೊ ಇನ್ನೊಂದು ಕರಾರಿಗೆ ಸಹಿ ಹಾಕಿದ. ರೇಷ್ಮೆ ವರ್ತಕರ ಸಂಘದ ಆಶ್ರಯದಲ್ಲಿದ್ದ ಇನ್ನೊಚೆಂತಿ ಅನಾಥಾಲಯಕ್ಕೆ ಒಂದು ಚಿತ್ರ, ಒಟ್ಟು 115 ಫ್ಲಾರಿನ್. ನೀಲಿ ಬಣ್ಣ ಔನ್ಸಿಗೆ ಸುಮಾರು 4 ಫ್ಲಾರಿನ್ ಬೆಲೆಯದೇ ಆಗಿರಬೇಕು ಎಂದು ಆ ಕರಾರು ಹೇಳುತ್ತದೆ. ಆ ನೀಲಿಯನ್ನು ಅರೆದು ತೆಗೆಯುವ ಕಲ್ಲು ಬರುತ್ತಿದ್ದುದು ಇಂದಿನ ಅಫ್ಘಾನಿಸ್ತಾನದ ಬದಕ್ಷಾನ್ ಗಣಿಗಳಿಂದ. ‘ದಿವ್ಯ ನೀಲಿ’ ಎಂದು ನೀನು ಬರೆದ ಕಡೆ ಈ ದರವನ್ನು ಬರೆ. ದಿವ್ಯತೆ ಕಡಿಮೆಯಾಗುವುದಿಲ್ಲ, ನೋಡು.

ಇನ್ನು ನನಗೆ ಬಹಳ ಪ್ರಿಯವಾದ ಸಂಗತಿ. ಬ್ರೂಜ್ ಶಾಖೆಯ ವ್ಯವಸ್ಥಾಪಕ ತೊಮ್ಮಾಸೊ ಪೋರ್ತಿನಾರಿ ಬರ್ಗಂಡಿಯ ದೊರೆ ಚಾರ್ಲ್ಸ್‌ಗೆ ಕೈಬಿಚ್ಚಿ ಸಾಲ ಕೊಟ್ಟ. 1477ರಲ್ಲಿ ದೊರೆ ಯುದ್ಧದಲ್ಲಿ ಸತ್ತ, ಶಾಖೆ ಮುಳುಗಿತು. ಪೋರ್ತಿನಾರಿಯನ್ನು ಹದ್ದುಬಸ್ತಿನಲ್ಲಿ ಇಡಬೇಕಾಗಿದ್ದವನು ಸಸ್ಸೆತ್ತಿ, ಇಡಲಿಲ್ಲ. ಇದೇ ಪೋರ್ತಿನಾರಿ ಫ್ಲಾಂಡರ್ಸಿನ ಚಿತ್ರಕಾರ ಹ್ಯೂಗೊ ವಾನ್ ಡರ್ ಗೂಸ್‌ನಿಂದ ಬರೆಸಿದ ಭಾರಿ ಚಿತ್ರ 1483ರಲ್ಲಿ ಫ್ಲಾರೆನ್ಸ್ ತಲುಪಿತು. ಅದರಲ್ಲಿ ಮೂವರು ಕುರಿಗಾಹಿಗಳಿದ್ದಾರೆ. ಬಿರುಸು ಕೈಗಳು, ಹಲ್ಲು ಕಾಣುವಂತೆ ತೆರೆದ ಬಾಯಿ, ಬಿಸಿಲುಂಡ ಮುಖ. ಗಿರ್ಲಾಂದಾಯೊ ಅವರನ್ನು ಕಣ್ತುಂಬ ನೋಡಿದ. ಎರಡೇ ವರ್ಷಗಳಲ್ಲಿ ಅವರ ದಾಯಾದಿಗಳಂತಹ ಕುರಿಗಾಹಿಗಳು ಸಸ್ಸೆತ್ತಿಯ ಚಿತ್ರದಲ್ಲಿ ಬಂದು ಕುಳಿತರು. ಬ್ರೂಜ್‌ನ ಲೆಕ್ಕದಲ್ಲಿ ನಷ್ಟ ತಂದವನೇ ಸಸ್ಸೆತ್ತಿಯ ಗೋಡೆಗೆ ಈ ಮುಖಗಳನ್ನೂ ತಂದ.

ಸಸ್ಸೆತ್ತಿ 1488ರಲ್ಲಿ ಫ್ರಾನ್ಸಿನ ಲಿಯಾನ್ ಶಾಖೆಯನ್ನು ನೇರ್ಪಡಿಸಲು ಮುದಿವಯಸ್ಸಿನಲ್ಲಿ ಹೊರಟ. 1490ರಲ್ಲಿ ತೀರಿಕೊಂಡ. 1494ರಲ್ಲಿ ಮೆಡಿಚಿಗಳನ್ನು ಊರಿನಿಂದ ಓಡಿಸಿದಾಗ ಬ್ಯಾಂಕೂ ಹೋಯಿತು.

ನಿನ್ನ ಮೊದಲ ಮೂರು ಪುಟಗಳನ್ನು ಹರಿದುಹಾಕು. ಆ ಕುರಿಗಾಹಿಗಳ ಕೈಗಳಿಂದ ಆರಂಭಿಸಿ, ಅಲ್ಲಿಂದ ಬ್ರೂಜ್‌ನ ಸಾಲಕ್ಕೆ ಹೋಗು. ‘ಕಲಾಪೋಷಕ’ ಎಂಬ ಪದ ಎಲ್ಲೂ ಬೇಡ. ಪೆನ್ಸಿಲ್ ಗುರುತು ಹಾಕಿದ ನಿನ್ನ ಪ್ರತಿಯನ್ನು ಇದರ ಜೊತೆಗೇ ಅಂಚೆಗೆ ಹಾಕಿದ್ದೇನೆ. ಹೊಸ ಕರಡು ಬರುವವರೆಗೆ ಕಾಯುತ್ತಿರುತ್ತೇನೆ.

ನಿನ್ನ ಹಿತೈಷಿ